ಮೂರು ಸಲ, ಆಮೇಲೊಂದು ಗುದ್ದು

ಅಂತ್ಯಕ್ರಿಯೆ ಮುಗಿದು ಹತ್ತು ದಿನ ಮನೆ ತುಂಬಿಕೊಂಡಿದ್ದ ನೆಂಟರು ಹಿಂದಿನ ಸಂಜೆಯಷ್ಟೇ ಹೊರಟುಹೋಗಿದ್ದರು. ಅವಳು ಎಂದಿನಂತೆ ಆರಕ್ಕೇ ಎದ್ದಳು. ಹಾಲು ಉಕ್ಕಿತು, ಒರೆಸಿದಳು. ಸಿನಿಮಾದಲ್ಲಾದರೆ ಗಂಡ ತೀರಿಕೊಂಡ ಹೆಂಡತಿ ಕಿಟಕಿಯ ಸರಳು ಹಿಡಿದು ನಿಲ್ಲುತ್ತಾಳೆ, ಎಲ್ಲಿಂದಲೋ ಪಿಟೀಲು ಕೇಳುತ್ತದೆ. ಇಲ್ಲಿ ನಲ್ಲಿ ಗೊರಗೊರ ಗಾಳಿ ಬಿಟ್ಟಿತು. ಅಂಥ ದೃಶ್ಯಗಳಿಗೆ ಟಿಕೆಟ್ ಕೊಂಡು ಹೋಗಿ ಎಷ್ಟು ಅತ್ತಿದ್ದಳೋ. ತನ್ನ ಸರದಿ ಬಂದಾಗ ಕಣ್ಣು ಒಣಗಿ ಕೂತಿತ್ತು.

ಹಾಡು ಅವಳ ಹುಚ್ಚು, ಹೊಟ್ಟೆಪಾಡೂ ಅದೇ. ಹೈಸ್ಕೂಲಿನಿಂದ ಹಾಡು ಬರೆದುಕೊಂಡ ಹನ್ನೊಂದು ನೋಟ್‌ಬುಕ್ಕುಗಳಿದ್ದವು. ಎಂ.ಎ. ಮುಗಿಸಿ ಸೇರಿದ್ದು ಟೀವಿಯ ಹಾಡಿನ ಚಾನೆಲ್ಲಿಗೆ. ಗಾಯಕ ಹಾಡುತ್ತಿದ್ದಂತೆ ಪರದೆಯ ಕೆಳಗೆ ಸಾಲು ಬಣ್ಣ ಬದಲಿಸುತ್ತ ಹೋಗುತ್ತದಲ್ಲ, ಆ ಸಾಲುಗಳನ್ನು ಟೈಪ್ ಮಾಡಿ ಹೊಂದಿಸುವವಳು ಅವಳು. ಒಂದಕ್ಷರ ಆಚೀಚೆಯಾದರೂ ಮೈ ಉರಿಯುತ್ತಿತ್ತು.

ಅಂಥವಳ ಗಂಡನಿಗೆ ಬರುತ್ತಿದ್ದುದು ಒಂದೇ ಹಾಡು, ಅದೂ ತಪ್ಪುತಪ್ಪಾಗಿ.

ಹಳೆಯ ಚಿತ್ರದ ಹಾಡು. ‘ಇನ್ನು ಸ್ವಲ್ಪ ದೂರ ಅಷ್ಟೇ, ಬೀದಿ ದೀಪ ಕಾಣುತಿದೆ’ ಎಂಬ ಸಾಲು. ಬೂಟಿಗೆ ಪಾಲಿಶ್ ಹಚ್ಚುತ್ತ ಅವನು ‘ಸ್ವಲ್ಪ ದೂರ, ಸ್ವಲ್ಪ ದೂರ, ಸ್ವಲ್ಪ ದೂರ’ ಎಂದು ಮೂರು ಸಲ ಹೇಳುತ್ತಿದ್ದ. ಹಿಮ್ಮಡಿಯಿಂದ ನೆಲಕ್ಕೊಂದು ಗುದ್ದುತ್ತಿದ್ದ. ಆಮೇಲೇ ‘ಅಷ್ಟೇ’. ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿ ಉತ್ತರ ಕೊಡುತ್ತಿದ್ದರು.

“ಕವಿ ಬರೆದಿರೋದು ಒಂದೇ ಸಲ ಕಣೋ.”

“ನಿನ್ನ ಕವಿಗೆ ಮರೆತುಹೋಗಿರ್ಬೇಕು.”

“ಆ ಗುದ್ದು ಯಾವ ತಾಳ?”

“ಗುದ್ದದಿದ್ರೆ ಹಾಡು ಮುಂದಕ್ಕೇ ಹೋಗಲ್ಲ ಕಣೇ, ನಿಂಗೇನು ಗೊತ್ತು!”

ನಾಲ್ಕು ವರ್ಷ ಇದೇ ಜಗಳ. ಕೊನೆಗೆ ಅವನು ಗುಜರಿ ಅಂಗಡಿಯಿಂದ ಹಳೆಯ ರೆಕಾರ್ಡ್ ಪ್ಲೇಯರ್ ಹೊತ್ತು ತಂದ. ಚಿಕ್ಕಂದಿನಿಂದ ತನಗೆ ಕೂದಲು ಕತ್ತರಿಸುತ್ತಿದ್ದ ಕ್ಷೌರದಂಗಡಿಯವರ ಹತ್ತಿರ ಆ ಚಿತ್ರದ ರೆಕಾರ್ಡನ್ನೂ ಕೇಳಿ ತಂದ. “ಪ್ಲೇಯರಿನ ತಟ್ಟೆ ತಿರುಗಿಸೋ ಬೆಲ್ಟ್ ಒಂದು ಸಿಗ್ಲಿ. ಭಾನುವಾರ ಕೂರಿಸಿ ಕೇಳಿಸ್ತೀನಿ. ಯಾರ್ದು ತಪ್ಪು ಅಂತ ಆಗ ಹೇಳು,” ಎಂದ. ಶುಕ್ರವಾರ ಕಚೇರಿಯ ಮೆಟ್ಟಿಲ ಮೇಲೆ ಕುಸಿದು ಬಿದ್ದ. ಬೆಲ್ಟ್ ಇನ್ನೂ ಬಂದಿರಲಿಲ್ಲ.

ಈಗ ಅವಳಿಗೆ ಒದಗಿದ್ದ ಕಷ್ಟವನ್ನು ಯಾರ ಮುಂದೆ ಹೇಳಿದರೂ ನಗುತ್ತಿದ್ದರು. ಗಂಡ ಹಾಡುವಾಗಿನ ದನಿ ನೆನಪಾಗುತ್ತಿರಲಿಲ್ಲ. ಫೋನಿನಲ್ಲಿ ಅವನ ಮಾತುಗಳೇನೋ ಇದ್ದವು. ಬೀಗದ ಕೈ ಎಲ್ಲಿ, ಬರುವಾಗ ಸೋಪು ತರಬೇಕಾ, ಅಂಥವು. ಹಾಡು ಮಾತ್ರ ಎಲ್ಲೂ ಇರಲಿಲ್ಲ. ಮನಸ್ಸಿನಲ್ಲಿ ಎತ್ತಿಕೊಂಡರೆ ಚಿತ್ರದ ಗಾಯಕನೇ ಬಂದು, ಅಚ್ಚುಕಟ್ಟಾಗಿ ಒಂದೇ ಒಂದು ಸಲ ‘ಸ್ವಲ್ಪ ದೂರ’ ಎಂದು ಹಾಡಿ ಹೋಗಿಬಿಡುತ್ತಿದ್ದ. ತಿದ್ದಿ ತಿದ್ದಿ ತಾನೇ ಅವನನ್ನು ಅಳಿಸಿಹಾಕಿದೆನೇನೋ ಅನ್ನಿಸುತ್ತಿತ್ತು. ಆ ರೆಕಾರ್ಡನ್ನು ಒಮ್ಮೆ ಕೇಳಿದರೆ ದನಿ ಮರಳೀತೆಂಬ ಆಸೆಗೆ ಅದನ್ನು ಬೀರುವಿನಲ್ಲಿ ಬಟ್ಟೆಗಳ ಅಡಿಗೆ ಸೇರಿಸಿಟ್ಟಿದ್ದಳು.

ಅಂದು ಬೆಳಿಗ್ಗೆ, ಜೊತೆಗೇ ಉಳಿದಿದ್ದ ಅತ್ತೆ ಹೊದಿಕೆ ಮಡಿಸಿಡಲು ಹೋದಾಗ ಅವರ ಕೈಗೆ ಅದು ಸಿಕ್ಕಿತು.

“ಇದು ಕಟಿಂಗ್ ಶಾಪಿನವರದ್ದಲ್ವೇನೇ? ಬಟ್ಟೆ ಕೆಳಗೇನು ಮಾಡ್ತಿದೆ?”

“ಕೊಡ್ತೀನಿ ಅತ್ತೆ. ಬೆಲ್ಟ್ ಬಂದ್ಮೇಲೆ ಒಂದ್ಸಲ ಕೇಳಿ...”

“ಕೇಳೋಕೆ ಕಿವಿ ಇದ್ಯಾ ನಿಂಗೆ? ಹತ್ತು ದಿನದಿಂದ ಹತ್ತು ಸಲ ಕೂಗಿದ್ರೆ ಒಂದ್ಸಲ ಓ ಅಂತೀಯ.” ಅತ್ತೆ ಕವರಿನ ಮೇಲಿನ ನಟನ ಮುಖವನ್ನು ಅಂಗೈಯಿಂದ ಒರೆಸಿದರು. “ಯಾರದೋ ಸಾಮಾನು ಹಾಗೇ ಉಳಿಸ್ಕೊಂಡು ಹೋದ ಅಂತ ನನ್ ಮಗನ್ನ ಯಾರೂ ಅನ್ನಬಾರ್ದು. ಇವತ್ತೇ ಕೊಟ್ಬಾ.”

ಅವಳು ರೆಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

ಅಂಗಡಿಯದು ಹಳೆಯ ಮರದ ಹಲಗೆಯ ನೆಲ. ಎರಡು ಕುರ್ಚಿ, ಎರಡು ಕನ್ನಡಿ, ನಡುವಿನ ಕಪಾಟಿನ ಮೇಲೆ ಪ್ಲೇಯರ್. ಬೀದಿಗೆಲ್ಲ ‘ಗ್ರಾಮಫೋನ್ ಮಾಮ’ ಆಗಿದ್ದ ಅಂಗಡಿಯವರು ಒಬ್ಬ ಬಸ್ ಕಂಡಕ್ಟರನ ಕೆನ್ನೆಗೆ ನೊರೆ ಹಚ್ಚುತ್ತಿದ್ದರು. ಕನ್ನಡಿಯಲ್ಲೇ ಅವಳನ್ನು ಕಂಡು ಅವರ ಕೈ ನಿಂತಿತು.

“ಬಾರಮ್ಮ. ಮನೆಗೆ ಬರೋಣ ಅಂದ್ಕೊಂಡೆ. ರೆಕಾರ್ಡ್ ವಸೂಲಿಗೆ ಬಂದ ಅಂದ್ಕೊಂಡೀರಿ ಅಂತ ಕಾಲು ಬರ್ಲಿಲ್ಲ.”

“ಒಂದ್ಸಲ ಹಾಕ್ತೀರಾ ಮಾಮ? ಈ ರೆಕಾರ್ಡನ್ನ ನಾನು ಕೇಳೇ ಇಲ್ಲ.”

ಮಾಮ ಕೈ ಒರೆಸಿಕೊಂಡು ಮುಳ್ಳು ಇಳಿಸಿದರು. ಮತ್ತೆ ಕತ್ತಿ ಹಿಡಿದು ಕಂಡಕ್ಟರನ ಗಂಟಲಿಗೆ ಬಾಗಿದರು. ಹಾಡು ಶುರುವಾಯಿತು. ಅವಳ ಬೆರಳು ಅಭ್ಯಾಸಬಲದಿಂದ ತೊಡೆಯ ಮೇಲೆ ಅಕ್ಷರ ಒತ್ತುತ್ತಿತ್ತು.

‘ಇನ್ನು ಸ್ವಲ್ಪ ದೂರ... ಸ್ವಲ್ಪ ದೂರ... ಸ್ವಲ್ಪ ದೂರ...’

ಬೆರಳು ನಿಂತಿತು.

“ಅಯ್ಯೋ, ಅಲ್ಲೊಂದು ಗೀರಿದೆ. ಮೂವತ್ತು ವರ್ಷದ್ದು,” ಎಂದರು ಮಾಮ. “ನೆಲಕ್ಕೊಂದು ಗುದ್ದಿದ್ರೆ ಮುಳ್ಳು ಹಾರತ್ತೆ. ಈಗ ನಾನು ಗುದ್ದಿದ್ರೆ ಇವ್ರ ಕುತ್ತಿಗೆ ಹಾರತ್ತೆ.”

“ಗುದ್ದಬೇಡಿ ಸ್ವಾಮಿ,” ಕಂಡಕ್ಟರ್ ತುಟಿ ಅಲುಗಿಸದೆ ಹೇಳಿದ. “ಮಧ್ಯಾಹ್ನ ಡ್ಯೂಟಿ ಇದೆ ನಂಗೆ.”

“ಅವನಿದ್ದಿದ್ರೆ ಹೇಳೋದೇ ಬೇಡ. ಚಿಕ್ಕ ಹುಡುಗ ಇದ್ದಾಗ ಆ ಬೆಂಚಿನ ಮೇಲೆ ಕಾಲು ನೇತಾಡಿಸ್ಕೊಂಡು ಕೂತಿರೋನು. ಎರಡು ಅನ್ನೋಷ್ಟರಲ್ಲಿ ಇಳಿದು ನಿಲ್ಲೋನು, ಮೂರಕ್ಕೆ ಗುದ್ದೋನು. ಇನ್ಯಾರಾದ್ರೂ ಗುದ್ದಿದ್ರೆ ಜಗಳಾನೇ. ನೀನೇ ಗುದ್ದಮ್ಮ ಒಂದ್ಸಲ.”

ಸ್ವಲ್ಪ ದೂರ. ಸ್ವಲ್ಪ ದೂರ.

ಅವಳು ಖಾಲಿ ಬೆಂಚಿನ ಪಕ್ಕ ನಿಂತೇ ಇದ್ದಳು. ಗುದ್ದಿದರೆ ನಾಲ್ಕು ವರ್ಷದ ಜಗಳ ಇಲ್ಲಿಗೆ ಮುಗಿಯುತ್ತದೆ. ಅವನು ಗೆಲ್ಲುತ್ತಾನೆ. ಆದರೆ ಗೆದ್ದೆ ಎಂದು ಮನೆಯೆಲ್ಲ ಕುಣಿಯಲು ಅವನು ಬರುವುದಿಲ್ಲ. ರೆಕಾರ್ಡಿನ ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವಿನ ಆ ಕಿರ್ ಸದ್ದಿಗೆ ಕಿವಿಯಿಟ್ಟಳು. ಅಲ್ಲಾದರೂ ಅವನ ದನಿ ಬಂದೀತೇನೋ. ಬಂದದ್ದು ಗಾಯಕನದೇ, ಏಳನೆಯ ಸಲ, ಎಂಟನೆಯ ಸಲ.

“ಅಮ್ಮಾ, ಪುಣ್ಯ ಬರತ್ತೆ, ಅದನ್ನ ಊರು ಮುಟ್ಟಿಸಿ,” ಕಂಡಕ್ಟರ್ ನರಳಿದ.

ಅವಳು ಚಪ್ಪಲಿ ಕಳಚಿದಳು. ಮೊದಲ ಗುದ್ದಿಗೆ ಹಲಗೆ ಬರೀ ಮುಲುಗಿತು. ಎರಡನೆಯದನ್ನು ಅವನು ಗುದ್ದುತ್ತಿದ್ದ ಹಾಗೆ, ಹಿಮ್ಮಡಿಯ ಮೇಲೆ ಪೂರಾ ಭಾರ ಬಿಟ್ಟು ಗುದ್ದಿದಳು. ಕನ್ನಡಿಗಳು ನಡುಗಿದವು.

‘...ಅಷ್ಟೇ, ಬೀದಿ ದೀಪ ಕಾಣುತಿದೆ.’

“ನೀನೇ ಸರಿ ಕಣೋ,” ಎಂದಳು.

“ಏನಂದೆ ತಾಯಿ?”

“ಏನಿಲ್ಲ ಮಾಮ.”

ಹಾಡು ಮುಗಿಯುವವರೆಗೂ ನಿಂತಳು. ದನಿ ಬರಲಿಲ್ಲ. ಹಿಮ್ಮಡಿ ಚುರುಚುರು ಎನ್ನುತ್ತಿತ್ತು. ತಾನೇ ಮುಳ್ಳು ಎತ್ತಿಟ್ಟು, ರೆಕಾರ್ಡನ್ನು ಕವರಿಗೆ ಸೇರಿಸಿ, ಮಾಮನ ಮುಂದೆ ಹಿಡಿದಳು.

“ಬೇಕಾದ್ರೆ ನೀನೇ ಇಟ್ಕೋಮ್ಮ. ನಾನೇನು ಕೇಳಿದ್ನಾ?”

“ಬೇಡ ಮಾಮ,” ಎಂದಳು. “ಮನೇಲಿ ಕಲ್ಲಿನ ನೆಲ.”

ಮಾಮ ನೊರೆ ಮೆತ್ತಿದ ಕೈಯನ್ನು ಅಂಗಿಗೇ ಒರೆಸಿಕೊಂಡು ಅದನ್ನು ಇಸಿದುಕೊಂಡರು.