ಬಿಚ್ಚಿದ ಕ್ರಮ

"ಇದು ರಿಪೇರಿ ಪುಸ್ತಕ, ಇದು ಬಿಡಿಭಾಗದ್ದು, ಇದು ಬರೀ ನೋಡೋಕೆ ಚೆಂದ," ಎಂದು ಹಳೆ ಪುಸ್ತಕದಂಗಡಿಯವನು ಮೂರನ್ನೂ ಹಲಗೆಯ ಮೇಲೆ ಸಾಲಾಗಿ ಇಟ್ಟ. "ಮೂರೂ ನಿಮ್ಮ ಕಾರಿಂದೇ. ನಿಧಾನಕ್ಕೆ ನೋಡಿ."

ಟೈಲರಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಿದ್ದಳು. ಗಂಡ ಸತ್ತ ಮೇಲೆ ಮನೆಯಿಂದ ಇಷ್ಟು ದೂರ ಬಂದದ್ದು ಇದೇ ಮೊದಲು. ದಾರಿಯಲ್ಲಿ ಏನು ಕಂಡೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಅವಳ ಹತ್ತಿರ ಏನೂ ಇರಲಿಲ್ಲ. ಪಂಪು ರಿಪೇರಿ ಮಾಡುವ ಮೈದುನ ಬಾಗಿಲಿಗೊರಗಿ ನಿಂತಿದ್ದ.

"ಅತ್ತಿಗೆ, ಯಾವ ಬೋಲ್ಟು ಎಲ್ಲಿಗೆ ಅಂತ ತೋರಿಸೋ ಪುಸ್ತಕ ಇದ್ರೆ ನಾನು ಬಿಗೀತೀನಿ. ಇಲ್ಲಾಂದ್ರೆ ಗುಜರಿಯವನು ನಾಳೆ ಬೆಳಿಗ್ಗೆ ಬಂದೇ ಬರ್ತಾನೆ. ಬಕೆಟ್ಟು ನೋಡ್ಕೊಂಡು ಕಾರು ಮಾಡೋಕೆ ನನಗೆ ಬರಲ್ಲ."

ಬಕೆಟ್ಟು ಎಂದ ಮೇಲೆ ಅವನೇ ತುಟಿ ಕಚ್ಚಿಕೊಂಡ.

ಗುಂಡು ಬೆನ್ನಿನ ಆ ಕಾರು ಅವಳ ಮದುವೆಗಿಂತ ಹಳೆಯದು. ಬಸ್ಸು ಓಡಿಸುತ್ತಿದ್ದ ಗಂಡ ರಜೆಯ ದಿನಗಳಲ್ಲಿ ಅದನ್ನು ಹಿತ್ತಿಲ ಶೆಡ್ಡಿನಲ್ಲಿ ಕೊನೆಯ ನಟ್ಟಿನವರೆಗೂ ಬಿಚ್ಚಿದ್ದ. ದೊಡ್ಡ ಭಾಗಗಳನ್ನು ಹೊರಗೆ ತಾಡಪಾಲಿನ ಕೆಳಗಿಟ್ಟು, ನಟ್ಟು ಬೋಲ್ಟಿನಂಥ ಸಣ್ಣವನ್ನೆಲ್ಲ ಬಿಚ್ಚಿದ ಕ್ರಮದಲ್ಲೇ ಗೋಡೆಯಿಂದ ಬಾಗಿಲವರೆಗೆ ನೆಲದ ಮೇಲೆ ಸಾಲುಸಾಲಾಗಿ ಜೋಡಿಸಿದ್ದ. ಅಲ್ಲಿ ಕಸ ಗುಡಿಸುವಂತಿರಲಿಲ್ಲ. ಸಾಲುಗಳ ನಡುವೆ ತಾನು ಕೊಕ್ಕರೆಯ ಹಾಗೆ ಕಾಲೆತ್ತಿ ಇಟ್ಟು ಓಡಾಡುತ್ತಿದ್ದ. "ಬಾಗಿಲಿಂದ ಓದ್ಕೊಂಡು ಹೋದ್ರೆ ಕಾರು, ಗೋಡೆಯಿಂದ ಓದಿದ್ರೆ ಗುಜರಿ ನೋಡೇ," ಎನ್ನುತ್ತಿದ್ದ.

ಅವನು ಸತ್ತ ದಿನ ಬಂದವರಿಗೆ ಕೂರಲು ಮನೆಯಲ್ಲಿ ಜಾಗ ಸಾಲಲಿಲ್ಲ. ಶೆಡ್ಡಿನಲ್ಲಿ ಕುರ್ಚಿ ಹಾಕಬೇಕಾಯಿತು. ಯಾರೂ ಹೇಳಲಿಲ್ಲ, ಅವಳೇ ಪೊರಕೆ ಹಿಡಿದು ನೆಲದ ಮೇಲಿದ್ದುದನ್ನೆಲ್ಲ ಒಟ್ಟುಮಾಡಿ ಬಕೆಟ್ಟಿಗೆ ಸುರಿದಳು. ಸೋಪಿನ ನೀರು ಹಾಕಿ ಉಜ್ಜಿದಳು. ನೆಲ ಒಣಗುವ ಮುಂಚೆಯೇ ಜನ ಬಂದು ಕೂತರು. ಆಮೇಲೂ ಆ ವಿಷಯ ಯಾರೂ ಎತ್ತಲಿಲ್ಲ.

ಅವಳು ಮೊದಲು ಬಣ್ಣದ ಪುಸ್ತಕ ತೆರೆದಳು. ಹುಲ್ಲಿನ ಮೇಲೆ ಕೆಂಪು ಕಾರು, ಪಕ್ಕದಲ್ಲಿ ಹಲ್ಲು ಕಿರಿದು ನಿಂತ ಗಂಡಸು. ಮುಚ್ಚಿದಳು.

"ಜಾಸ್ತಿ ಜನ ಅದನ್ನೇ ಒಯ್ಯೋದು," ಎಂದ ಅಂಗಡಿಯವನು. "ಕಾರು ಮಾತ್ರ ಒಬ್ಬರೂ ಮುಗಿಸಿಲ್ಲ."

ಮೈದುನ ರಿಪೇರಿ ಪುಸ್ತಕ ಎತ್ತಿಕೊಂಡು ಹಾಳೆ ತಿರುವಿದ. ಬ್ರೇಕು, ಗೇರು, ಬಾಗಿಲು. ಪ್ರತಿಯೊಂದನ್ನೂ ಬಿಚ್ಚುವ ಬಗೆ ವಿವರವಾಗಿತ್ತು. "'ಮರುಜೋಡಣೆಗೆ ಬಿಚ್ಚಿದ ಕ್ರಮವನ್ನೇ ಹಿಂದುಮುಂದಾಗಿ ಅನುಸರಿಸಿ,'" ಎಂದು ಓದಿದ. ಇನ್ನೊಂದು ಅಧ್ಯಾಯದ ಕೊನೆ ನೋಡಿದ. ಅಲ್ಲೂ ಅದೇ. "ಎಲ್ಲಾ ಕಡೆ ಇದೇ ರಾಗ ಎಳೆದಿದಾನಲ್ಲ ಇವ್ನು..."

"ಬಿಚ್ಚಿದ್ದು ನಿಮ್ಮಣ್ಣ ಅಲ್ವಾ," ಎಂದಳು ಅವಳು, ದಾರಿ ಕೇಳಿದವರಿಗೆ ಎಡಕ್ಕೆ ಹೋಗಿ ಎನ್ನುವಷ್ಟು ಸಲೀಸಾಗಿ.

ಮೈದುನ ಪುಸ್ತಕವನ್ನು ಮೆಲ್ಲಗೆ ಕೆಳಗಿಟ್ಟ.

ಉಳಿದ ಬಿಡಿಭಾಗದ ಪುಸ್ತಕದಲ್ಲಿ ಮಾತೇ ಇರಲಿಲ್ಲ. ಒಂದೊಂದು ಹಾಳೆಯಲ್ಲೂ ಕಾರಿನ ಒಂದೊಂದು ಅಂಗ ತುಂಡುತುಂಡಾಗಿ ಗಾಳಿಯಲ್ಲಿ ನಿಂತಿತ್ತು. ಯಾವುದು ಯಾವುದಕ್ಕೆ ಸೇರಬೇಕೆಂದು ನಡುವೆ ಸಣ್ಣ ಗೆರೆ. ಹೊಲಿಗೆಗೆ ಮುಂಚೆ ಅಂಗಿಯ ತೋಳು, ಕತ್ತಿನ ಪಟ್ಟಿ, ಜೇಬು ಮೇಜಿನ ಮೇಲೆ ಹೀಗೇ ಬಿದ್ದಿರುತ್ತವೆ. ಅವಳು ಚೀಲದಿಂದ ಅಂಗಿ ಗುಂಡಿ ಹಾಕಿಡುವ ಡಬ್ಬಿ ತೆಗೆದು, ಬಕೆಟ್ಟಿನಿಂದ ಅದರಲ್ಲಿ ಹಾಕಿ ತಂದಿದ್ದ ಬೋಲ್ಟುಗಳಲ್ಲಿ ಒಂದನ್ನು ಆರಿಸಿ ಚಿತ್ರದ ಬೋಲ್ಟಿನ ಮೇಲೆ ಅಳತೆಗೆ ಇಟ್ಟಳು. ಅದು ಕಾರಿನ ಅರ್ಧ ಬಾಗಿಲನ್ನೇ ಮುಚ್ಚಿತು. ಅವಳು ಅದನ್ನು ತೆಗೆದು ಇನ್ನೊಂದು ಇಟ್ಟಳು.

ಅಂಗಡಿಯವನು ನಕ್ಕುಬಿಟ್ಟ. "ಅಮ್ಮಾ, ಇದೇನು ಬಟ್ಟೆ ಮೇಲೆ ಇಟ್ಟು ಕತ್ತರಿಸೋ ಪೇಪರ್ ಕಟಿಂಗಾ? ಚಿತ್ರ ಚಿಕ್ಕದು, ಸಾಮಾನು ದೊಡ್ಡದು. ಪಕ್ಕದಲ್ಲಿ ನಂಬರ್ ಇದೆ ನೋಡಿ. ಉದ್ದ, ದಪ್ಪ ಎಲ್ಲಾ ಹಿಂದಿನ ಹಾಳೇಲಿ."

"ಅಳತೆ ಕೊಟ್ಟಿದಾರಲ್ಲ, ಸಾಕು. ಟೇಪು ನನ್ನ ಹತ್ರ ಇದೆ."

"ಅತ್ತಿಗೆ, ಹೇಗೆ ಮಾಡ್ಬೇಕು ಅಂತ ಅದರಲ್ಲಿ ಒಂದಕ್ಷರ ಇಲ್ಲ."

"ಹೇಗೆ ಅನ್ನೋದು ನಿಂಗೆ ಬರುತ್ತಲ್ಲ. ಎಲ್ಲಿ ಅನ್ನೋದು ತಾನೇ ಬೇಕಾಗಿದ್ದು?"

ಮರುದಿನ ಬೆಳಿಗ್ಗೆ ಅವಳು ಶೆಡ್ಡಿನ ನೆಲದ ಮೇಲೆ ಕೂತಿದ್ದಳು. ಮುಂದೆ ಬಿಡಿಭಾಗದ ಪುಸ್ತಕ, ಹಾಳೆ ಹಾರದಂತೆ ಅದರ ಮೇಲೆ ಕತ್ತರಿ. ಬಕೆಟ್ಟಿನಿಂದ ಒಂದೊಂದನ್ನೇ ತೆಗೆದು, ಟೇಪು ಹಿಡಿದು, ನಂಬರು ನೋಡಿ, ಗೋಡೆಯ ಬದಿಯಿಂದ ಇಡುತ್ತ ಬರುತ್ತಿದ್ದಳು. ಕೆಲವು ಯಾವ ಅಳತೆಗೂ ಬರಲಿಲ್ಲ. ಅವನ್ನು ಪಕ್ಕಕ್ಕೆ ಸರಿಸಿದಳು.

ಬಾಗಿಲಿನಿಂದ ಬಿಸಿಲು ಓರೆಯಾಗಿ ಬಂದು ನೆಲಕ್ಕೆ ಬಿತ್ತು. ಸಿಮೆಂಟಿನ ಮೇಲೆ ಮಬ್ಬಾದ ಉಂಗುರಗಳು ಕಂಡವು. ಸೋಪು ಎಣ್ಣೆಯ ಕಲೆಯನ್ನು ಪೂರ್ತಿ ತೆಗೆದಿರಲಿಲ್ಲ. ಉಂಗುರ, ಉದ್ದ ಗೆರೆ, ಅರ್ಧಚಂದ್ರ, ಮತ್ತೆ ಉಂಗುರ, ಗಂಡ ಜೋಡಿಸಿದ್ದ ಸಾಲಿನಲ್ಲೇ. ಪಕ್ಕಕ್ಕೆ ಸರಿಸಿದ್ದವುಗಳಲ್ಲಿ ಒಂದು ವಾಷರನ್ನು ಎತ್ತಿ ಹತ್ತಿರದ ಉಂಗುರದ ಮೇಲೆ ಇಟ್ಟಳು. ವಾಷರು ದೊಡ್ಡದಾಯಿತು. ಮುಂದಿನದರ ಮೇಲೆ ಇಟ್ಟಳು. ಕಲೆಯ ಅಂಚಿಗೆ ಅಂಚು ಸರಿಯಾಗಿ ಕೂತಿತು. ಅದರ ಸುತ್ತ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ನೀಲಿ ಗೆರೆ ಎಳೆದಳು.

ಹೊರಗೆ ಗುಜರಿಯವನ ಗಾಡಿ ನಿಂತ ಸದ್ದಾಯಿತು. ಮೈದುನ ಬಾಗಿಲಿಗೆ ಬಂದ. "ಅತ್ತಿಗೆ, ಬಂದಿದಾನೆ. ಏನು ಹೇಳ್ಲಿ?"

"ಬಕೆಟ್ಟು ಬೇಕಾದ್ರೆ ಒಯ್ಲಿ. ಖಾಲಿ ಆದ್ಮೇಲೆ."

ಮೈದುನ ನೆಲ ನೋಡಿದ, ಅವಳನ್ನು ನೋಡಿದ. ಹೊರಗೆ ಹೋಗಿ ಏನೋ ಹೇಳಿದ, ಗಾಡಿ ದೂರವಾಯಿತು. ಅವನು ತಿರುಗಿ ಬಂದು ಚಪ್ಪಲಿ ಬಿಟ್ಟ. ಅವಳಿದ್ದಲ್ಲಿಗೆ ಬರಲು ಒಂದು ಕಾಲು ಎತ್ತಿ ಸಾಲಿನ ಆಚೆ ಇಟ್ಟ, ನಿಂತ, ಇನ್ನೊಂದು ಎತ್ತಿದ.