‘ರೀ’ ಅಂದವರು ಯಾರು

ಬ್ಯಾಂಕಿನಮ್ಮ “ರೀ” ಎಂದು ಕೂಗಿದ್ದೇ ತಡ, ದೋಣಿಯಲ್ಲಿದ್ದ ಗಂಡಸರೆಲ್ಲ ಒಟ್ಟಿಗೆ ತಲೆ ಎತ್ತಿದರು. ಅವರು ಕೂಗಿದ್ದು ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ತಮ್ಮ ಗಂಡನನ್ನು, ಬೇಕಾಗಿದ್ದು ನೀರಿನ ಬಾಟಲಿ. ಆದರೆ ಆ ಒಂದಕ್ಷರದ ಮೇಲೆ ವಿಳಾಸವೇನೂ ಬರೆದಿರುವುದಿಲ್ಲವಲ್ಲ.

“ನಿಮ್ಮನ್ನೆಲ್ಲ ಅಲ್ಲಪ್ಪಾ, ನಮ್ಮವರನ್ನ!” ಎಂದು ಬ್ಯಾಂಕಿನಮ್ಮ ನಕ್ಕರು. ದೋಣಿಯೂ ನಗುವಿಗೆ ಒಂದಿಷ್ಟು ಅಲುಗಾಡಿತು. ಲಿಫ್ಟ್ ಮೆಕ್ಯಾನಿಕ್ ಮಾತ್ರ ಎತ್ತಿದ ತಲೆಯನ್ನು ಇಳಿಸಲು ತುಸು ತಡಮಾಡಿದ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ ಅದನ್ನು ಕಂಡಳು. ಕಂಡೂ ಕಾಣದವಳಂತೆ ನೀರಿನ ಕಡೆ ತಿರುಗಿದಳು.

ಸರೋವರದ ತುಂಬ ಮಂಜು. ದೋಣಿ ಮುಂದೆ ಹೋಗುತ್ತಿದೆಯೋ, ದಡವೇ ಹಿಂದಕ್ಕೆ ಸರಿಯುತ್ತಿದೆಯೋ ತಿಳಿಯುತ್ತಿರಲಿಲ್ಲ. ಹಿಂದಿನ ದಿನ ಹತ್ತಿಳಿದ ಕೋಟೆ ಆಚೆ ಗುಡ್ಡದ ಮೇಲೆ ಬುಡವಿಲ್ಲದೆ ತೇಲುತ್ತಿತ್ತು. ಪ್ರವಾಸದ ಹೆಸರು ‘ಪರಂಪರೆ ಮತ್ತು ಸಾಹಸ’. ಬೆಳಿಗ್ಗೆ ಹಳೆಯ ಅರಮನೆ ತೋರಿಸಿ, ಮಧ್ಯಾಹ್ನ ಹಗ್ಗ ಕಟ್ಟಿ ಬಂಡೆ ಹತ್ತಿಸುತ್ತಿದ್ದರು. “ಪರಂಪರೆಗೆ ಕಾಲು ನೋವು, ಸಾಹಸಕ್ಕೆ ಸೊಂಟ ನೋವು” ಎಂದು ಬ್ಯಾಂಕಿನವರು ಮೊದಲ ದಿನವೇ ಲೆಕ್ಕ ಚುಕ್ತಾ ಮಾಡಿದ್ದರು. ಇವತ್ತು ಕೊನೆಯ ದಿನ. ಸರೋವರದಾಚೆಯ ಗುಹೆಗಳನ್ನು ನೋಡಿಬಿಟ್ಟರೆ ಮಧ್ಯಾಹ್ನ ಬಸ್ಸು ಹತ್ತಿ ಮನೆಗೆ.

ಮನೆಗೆ, ಅಂದರೆ ಉಳಿದವರು. ಮೆಕ್ಯಾನಿಕ್‌ನ ಹೆಂಡತಿ ದಾರಿಯಲ್ಲಿ ಕೂಡುರಸ್ತೆಯ ಹತ್ತಿರ ಇಳಿದು ತಂಗಿಯ ಮನೆಗೆ ಹೋಗುವವಳಿದ್ದಳು. ಹೊರಡುವ ಹಿಂದಿನ ಸಂಜೆ ಅದನ್ನು ಅವನಿಗೆ ನೇರವಾಗಿಯೇ ಹೇಳಿದ್ದಳು. “ಬರ್ತಾ ನಾನು ಅಲ್ಲೇ ಇಳ್ಕೋತೀನಿ. ವಾಪಸ್ ಬರ್ತೀನೋ ಇಲ್ವೋ, ನನಗೇ ಗೊತ್ತಿಲ್ಲ. ಈ ಮನೇಲಿ ನಾನು ನೆಂಟರ ಥರ ಇದ್ದೀನಿ. ನೀವೂ ಹಾಗೇ ಇದ್ದೀರಿ.” ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಬಟ್ಟೆಯಿಂದ ಒರೆಸಿದ, ಮತ್ತೆ ಒರೆಸಿದ. “ಆಯ್ತು. ನಾನು ಡ್ರೈವರ್‌ಗೆ ಹೇಳಿರ್ತೀನಿ” ಎಂದ. ಇಂಥ ಮನುಷ್ಯನ ಜೊತೆ ಜಗಳವಾದರೂ ಹೇಗೆ ಆಡುವುದು?

ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಇಬ್ಬರಿಗೂ ಎರಡನೆಯದು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಅವನು ತನ್ನ ಪ್ಯಾಂಟುಗಳನ್ನು ಸೊಂಟ ಬಿಗಿ ಮಾಡಿಸಲು ಇವಳ ಹೊಲಿಗೆ ಅಂಗಡಿಗೆ ತರುತ್ತಿದ್ದ. ತಂದದ್ದನ್ನೇ ಮತ್ತೆ ತರುತ್ತಿದ್ದ. ಒಂದು ದಿನ ಅವಳು ಪ್ಯಾಂಟನ್ನು ಮೆಷೀನಿನ ಮೇಲೆ ಹರಡಿ, “ಇನ್ನು ಹಿಡಿದರೆ ಹಿಂದಿನ ಎರಡು ಜೇಬೂ ಒಂದಾಗ್ತವೆ. ನೀವು ಊಟ ಮಾಡಿ ಮಾರಾಯ್ರೇ” ಎಂದಳು. ಅಲ್ಲಿಗೆ ಮಾತು ಶುರುವಾಯಿತು. ಅವಳ ತಂಗಿ ಮುಂದೆ ನಿಂತು ಮದುವೆ ಮಾಡಿಸಿದಳು. ಈ ಪ್ರವಾಸಕ್ಕೆ ದುಡ್ಡು ಕಟ್ಟಿದವಳು ಅವನ ಮಗಳು. “ಇಬ್ಬರೂ ಸ್ವಲ್ಪ ಹೊರಗೆ ಹೋಗಿ ಬನ್ನಿ” ಎಂದಿದ್ದಳು, ಪಾಪ, ಒಳ್ಳೆಯ ಮನಸ್ಸಿನಿಂದ.

ಎಲ್ಲ ಸರಿಯಿತ್ತು, ಒಬ್ಬರನ್ನೊಬ್ಬರು ಕರೆಯುವುದೊಂದು ಬಿಟ್ಟು. ಅಂಗಡಿಯಲ್ಲಿ ಅವನು ಅವಳನ್ನು ‘ಟೈಲರಮ್ಮ’ ಅನ್ನುತ್ತಿದ್ದ. ಕಟ್ಟಿಕೊಂಡ ಹೆಂಡತಿಯನ್ನು ಹಾಗೆ ಕರೆದರೆ ಜನ ನಗುವುದಿಲ್ಲವೇ? ‘ಏನೇ’ ಅನ್ನಲು ಬಾಯಿ ಬರದು. ಹಾಗಾಗಿ ‘ನೋಡಿ’ ಎಂದು ಸುಮ್ಮನಾಗುತ್ತಿದ್ದ. ಅವಳ ಪಾಡು ಇನ್ನೂ ಕಷ್ಟದ್ದು. ಅಡುಗೆಯಾದರೆ ಲೋಟಕ್ಕೆ ಚಮಚ ಬಡಿಯುವಳು, ಇಲ್ಲವೇ ಕೆಮ್ಮುವಳು, ಇಲ್ಲವೇ ಗೋಡೆಗೆ ಹೇಳುವಂತೆ “ತಟ್ಟೆ ಹಾಕಿದೆ” ಅನ್ನುವಳು. ಗೋಡೆಯಿಂದ ಆ ಮಾತನ್ನು ಅವನು ಎತ್ತಿಕೊಂಡು ಊಟಕ್ಕೆ ಬರುವನು.

‘ರೀ’ ಅನ್ನಲು ಏನು ಧಾಡಿ ಎಂದು ತಂಗಿ ಬೈದಿದ್ದಳು. ತಂಗಿಗೇನು ಗೊತ್ತು? ಆ ಮಾತನ್ನು ಇವಳು ಇನ್ನೊಬ್ಬನಿಗೆ ಕೊಟ್ಟು ಮುಗಿಸಿದ್ದಳು. ಮೊದಲ ಗಂಡ ಒಂದು ಬೆಳಿಗ್ಗೆ ಏಳಲಿಲ್ಲ. ಕಾಫಿಯ ಲೋಟ ಪಕ್ಕಕ್ಕಿಟ್ಟು, ಭುಜ ಹಿಡಿದು ಅಲುಗಿಸಿ, “ರೀ, ರೀ” ಎಂದು ಅವಳು ಕರೆದೇ ಕರೆದಳು. ಮೊದಲು ಮೆಲ್ಲಗೆ, ಆಮೇಲೆ ರೇಗಿ, ಆಮೇಲೆ ಬೀದಿಗೆಲ್ಲ ಕೇಳುವಂತೆ. ಅಂದಿನಿಂದ ಯಾರ ಬಾಯಲ್ಲಿ ಅದನ್ನು ಕೇಳಿದರೂ ಅವಳ ಅಂಗೈ ತಣ್ಣಗಾಗುತ್ತಿತ್ತು.

ದೋಣಿ ಕಲ್ಲಿಗೆ ತಾಗಿ ನಿಂತಿತು. ಹಳದಿ ಟೋಪಿ ಹಾಕಿದ್ದ ಗೈಡ್ ಹುಡುಗಿ ಎಲ್ಲರ ತಲೆಗೂ ದೀಪವಿದ್ದ ಹೆಲ್ಮೆಟ್ ಏರಿಸಿ, ಹಗ್ಗದ ಏಣಿಯಿಂದ ಒಬ್ಬೊಬ್ಬರನ್ನೇ ಗುಹೆಯೊಳಕ್ಕೆ ಇಳಿಸಿದಳು. ಒಳಗೆ ದೊಡ್ಡ ಹಜಾರದಂಥ ಜಾಗ. ಗೋಡೆಯ ಉದ್ದಕ್ಕೂ ಯಾವ ಕಾಲದವರೋ ಬಿಡಿಸಿದ ಮೆರವಣಿಗೆ. ಕುದುರೆಗಳು, ಕೊಳಲು ಊದುವವರು, ಬುಟ್ಟಿ ಹೊತ್ತ ಹೆಂಗಸರು. ಬಣ್ಣ ಉದುರಿ ಕೆಲವರಿಗೆ ಮುಖವಿರಲಿಲ್ಲ, ಕೆಲವರಿಗೆ ಕಾಲಿರಲಿಲ್ಲ. ತಲೆಯ ದೀಪಗಳು ಅತ್ತಿತ್ತ ಅಲುಗಿದಂತೆ ಅವರೆಲ್ಲ ನಡೆಯತೊಡಗಿದರು. ನೋಡುತ್ತ ನಿಂತವರ ಮಾತು ತಾನಾಗಿ ಪಿಸುಮಾತಾಯಿತು.

“ಈ ಲಂಗದ ನೆರಿಗೆ ನೋಡು, ಎಷ್ಟು ಸಮ ಬಂದಿದೆ” ಎಂದಳು ಅವಳು, ಯಾರಿಗೂ ಅಲ್ಲದಂತೆ.

“ಅಷ್ಟು ಎತ್ತರಕ್ಕೆ ಹೇಗೆ ಹತ್ತಿದ್ರೋ, ಲಿಫ್ಟ್ ಇಲ್ದೆ” ಎಂದ ಅವನು, ಅವನೂ ಗೋಡೆಗೇ.

ಅವಳಿಗೆ ನಗು ಬಂತು. ನಕ್ಕಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟರಲ್ಲಿ ಹಳದಿ ಟೋಪಿ ಚಪ್ಪಾಳೆ ತಟ್ಟಿದಳು.

“ಈಗ ಎಲ್ರೂ ದೀಪ ಆರಿಸಿ. ಇದನ್ನ ಬಿಡಿಸಿದವರ ಕಾಲದ ಕತ್ತಲೆ ಹೇಗಿತ್ತು, ನಾವೂ ನೋಡೋಣ. ಎಡಗಡೆ ಕೊಳ ಇದೆ, ತುಂಬಾ ಆಳ. ಯಾರೂ ನಿಂತ ಜಾಗ ಬಿಟ್ಟು ಕದಲಬೇಡಿ.”

ದೀಪಗಳು ಒಂದೊಂದಾಗಿ ಆರಿದವು. ಕಣ್ಣು ತೆರೆದರೂ ಅದೇ, ಮುಚ್ಚಿದರೂ ಅದೇ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಅವಳಿಗೆ ತನ್ನ ಕೈ ಎಲ್ಲಿದೆ ಎಂಬುದು ಮರೆಯಿತು, ವಯಸ್ಸು ಎಷ್ಟೆಂಬುದೂ ಮರೆಯಿತು. ಬೆಳಗಿನ ಜಾವ ಅರೆ ಎಚ್ಚರದಲ್ಲಿ ಯಾವ ಮನೆಯಲ್ಲಿ ಮಲಗಿದ್ದೇನೆಂದು ತಿಳಿಯದೆ ಒಂದು ಗಳಿಗೆ ಹಾಯಾಗಿರುತ್ತದಲ್ಲ, ಹಾಗಾಯಿತು. ಅಮ್ಮ ಪಕ್ಕದ ಕೋಣೆಯಲ್ಲಿರಬಹುದು. ತಂಗಿ ಇನ್ನೂ ಫ್ರಾಕು ಹಾಕುವವಳಿರಬಹುದು. ಗೋಡೆಯ ಮೇಲಿನವರು ಇಳಿದು ಬಂದು ತನ್ನ ಸುತ್ತ ನಿಂತಿರಬಹುದು. ಯಾರಿಗೂ ಯಾರೂ ಏನೂ ಆಗಬೇಕಾಗಿಲ್ಲ.

“ರೀ...”

ಹೆದರಿದ, ತೆಳ್ಳಗಿನ ದನಿ. ದಿನವೆಲ್ಲ ಕೂಗಾಡುವ ಬ್ಯಾಂಕಿನಮ್ಮನದೆಂದು ಯಾರೂ ಹೇಳುವಂತಿರಲಿಲ್ಲ.

“ಬಂದೆ ಕಣೇ, ಬಂದೆ.”

ಉತ್ತರ ಬಂದದ್ದು ಮೆಕ್ಯಾನಿಕ್‌ನ ಬಾಯಿಂದ. ಅವಳು ಕತ್ತಲೆಯಲ್ಲಿ ಬೆಚ್ಚಿದಳು. ಲಿಫ್ಟಿನಲ್ಲಿ ಸಿಕ್ಕಿಬಿದ್ದವರಿಗೆ ಅವನು ಧೈರ್ಯ ಹೇಳುವ ದನಿ ಅವಳಿಗೆ ಗೊತ್ತಿತ್ತು. ಇದು ಅದಲ್ಲ. ಬಚ್ಚಲಿನಿಂದ, ಮೈ ಒರೆಸಿಕೊಳ್ಳುತ್ತ, ಅವಸರವೇನಿಲ್ಲವೆಂದು ಗೊತ್ತಿದ್ದೂ ಅವಸರ ತೋರಿಸುವ ದನಿ. ಒಂದು ಮನೆಯಲ್ಲಿ ಎಷ್ಟೋ ಕಾಲ ಬಾಳಿದವನ ದನಿ. ಇದನ್ನು ಇವನು ಎಲ್ಲಿಟ್ಟುಕೊಂಡಿದ್ದ ಇಷ್ಟು ದಿನ? ಅವಳ ಹೊಟ್ಟೆ ಉರಿಯಿತು. ಸುಳ್ಳೇಕೆ, ಚೆನ್ನಾಗಿಯೇ ಉರಿಯಿತು. ಸತ್ತವಳ ಮೇಲೋ, ಬ್ಯಾಂಕಿನಮ್ಮನ ಮೇಲೋ, ತನ್ನದೇ ಗಂಟಲಿನ ಮೇಲೋ, ಅವಳಿಗೇ ತಿಳಿಯಲಿಲ್ಲ.

ಆಮೇಲೆ ಅವನ ಬೂಟಿನ ಸದ್ದು ಕೇಳಿಸಿತು. ಒದ್ದೆ ಕಲ್ಲಿನ ಮೇಲೆ, ಎಡಕ್ಕೆ. ಕೊಳದ ಕಡೆಗೆ.

ಕರೆಯಬೇಕು. ಅವಳು ಬಾಯಿ ತೆರೆದಳು. ‘ರೀ’ ಗಂಟಲಿನವರೆಗೆ ಬಂದು ಅಲ್ಲಿಯೇ ಕೂತಿತು. ಕರೆದರೆ ಇವನೂ ಓಗೊಡದಿದ್ದರೆ? ಇನ್ನೊಂದು ಹೆಜ್ಜೆಯ ಸದ್ದಾಯಿತು. ಕಲ್ಲೊಂದು ಜಾರಿ ನೀರಿಗೆ ಬಿತ್ತು.

“ಏಯ್! ನಿಲ್ಲೋ! ಅಲ್ಲೇ ನಿಲ್ಲೋ ಅಂದ್ರೆ!”

ಗುಹೆ ಆ ಮಾತನ್ನು ಹಿಡಿದುಕೊಂಡು ‘ಲೋ, ಲೋ, ಲೋ’ ಎಂದು ತನ್ನ ಹೊಟ್ಟೆಯೊಳಗೆಲ್ಲ ತಿರುಗಿಸಿತು. ದೀಪಗಳು ಹತ್ತಿದವು. ಮೆಕ್ಯಾನಿಕ್ ಕೊಳದ ಅಂಚಿನಲ್ಲಿ ನಿಂತಿದ್ದ, ಒಂದು ಕಾಲು ಪಾದದವರೆಗೆ ನೀರಿನಲ್ಲಿ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮುಗಿದೇಹೋಗುತ್ತಿತ್ತು. ಹಳದಿ ಟೋಪಿ ಓಡಿಬಂದು ಅವನ ತೋಳು ಹಿಡಿದು ಎಳೆದಳು.

“ಅಲ್ರೀ, ನನ್ನ ಹೆಂಡತಿ ಕರೆದರೆ ನಾನೇ ಹೋಗಲ್ಲ, ನೀವ್ಯಾಕ್ರೀ ಹೋದ್ರಿ?” ಎಂದರು ಬ್ಯಾಂಕಿನವರು.

“ಅಯ್ಯೋ, ಅದು ನೀವಾ! ನಮ್ಮವರಿಗೆ ಯಾವಾಗ ಇಷ್ಟು ಒಳ್ಳೆ ಬುದ್ಧಿ ಬಂತು ಅಂದ್ಕೊಂಡೆ” ಎಂದರು ಬ್ಯಾಂಕಿನಮ್ಮ.

ಎಲ್ಲರೂ ನಕ್ಕು ಹಗುರಾದರು. ಆಮೇಲೆ ಒಬ್ಬೊಬ್ಬರಾಗಿ ಇವಳ ಕಡೆ ತಿರುಗಿ ನೋಡಿದರು. ಕಟ್ಟಿಕೊಂಡ ಗಂಡನನ್ನು, ಅದೂ ಅರ್ಧ ತಲೆ ನೆರೆತವನನ್ನು, ಹತ್ತು ಜನರೆದುರು ಬೀದಿಯಲ್ಲಿ ಗೋಲಿಯಾಡುವ ಹುಡುಗನನ್ನು ಗದರಿಸಿದಂತೆ ಗದರಿಸಿಬಿಟ್ಟಿದ್ದಳು. ಅವಳ ಕಿವಿ ಬಿಸಿಯಾಯಿತು. ಗೋಡೆಯ ಮೇಲಿನ ಮುಖವಿಲ್ಲದವರ ಸಾಲಿನಲ್ಲಿ ಸೇರಿಕೊಂಡುಬಿಡೋಣವೇ ಎನಿಸಿತು.

ಹೊರಗೆ ಮಂಜು ಕರಗಿ, ಸರೋವರ ತೆಳ್ಳಗೆ ಹೊಳೆಯುತ್ತಿತ್ತು. ಅವನು ಬಂಡೆಯ ಮೇಲೆ ಕೂತು ಸಾಕ್ಸ್ ಹಿಂಡುತ್ತಿದ್ದ. ಅವಳು ಒಂದು ಮಾರು ದೂರದಲ್ಲಿ ಕೂತಳು. ಉಳಿದವರು ದೋಣಿಯ ಹತ್ತಿರ ಫೋಟೋ ತೆಗೆಸಿಕೊಳ್ಳುತ್ತಿದ್ದರು.

“ಅವಳ ದನೀನೇ ಅನ್ನಿಸ್ತು” ಎಂದ ಅವನು. “ಕತ್ತಲೆ ನೋಡಿ. ಎಲ್ಲಿದ್ದೀನಿ ಅನ್ನೋದೇ ಮರೆತುಹೋಯ್ತು.”

“ಗೊತ್ತಾಯ್ತು.”

“ಬೇಜಾರಾಯ್ತಾ?”

“ಆಯ್ತು.”

ಅವನು ತಲೆಯಾಡಿಸಿದ. ಅವಳು ಹೇಳಿದ್ದು ನ್ಯಾಯವೇ ಎಂಬಂತೆ. “ಒಂದು ಕೇಳ್ತೀನಿ. ನೀವು ಒಳಗೆ ನನ್ನನ್ನ ಬೈದ್ರಾ, ಕರೆದ್ರಾ?” ಎಂದ.

“ಬಾಯಿಗೆ ಏನು ಬಂತೋ ಅದನ್ನ ಅಂದೆ. ತಪ್ಪಾಯ್ತು.”

“ತಪ್ಪು ಅಂತ ನಾನಂದ್ನಾ?” ನೀರೆಲ್ಲ ಹೋಗಿದ್ದ ಸಾಕ್ಸನ್ನು ಅವನು ಇನ್ನೊಂದು ಸಲ ಹಿಂಡಿದ. “ನಮ್ಮಮ್ಮ ಹೋದ ಮೇಲೆ ನನ್ನ ಹಾಗೆ ಯಾರೂ ಅಂದಿರ್ಲಿಲ್ಲ. ಈಗ ಎಲ್ರೂ ಮರ್ಯಾದೆ ಕೊಡೋರೇ.”

ಹಳದಿ ಟೋಪಿ ಕೈ ಬೀಸಿ ಕರೆದಳು. ಇಬ್ಬರೂ ಎದ್ದರು.

ಬಸ್ಸಿನಲ್ಲಿ ಊಟದ ಮೇಲಿನ ಜೊಂಪು. ಪರಂಪರೆಯೂ ಸಾಹಸವೂ ಸಾಕಾದವರು ಒಬ್ಬರ ಭುಜದ ಮೇಲೊಬ್ಬರು ವಾಲಿದ್ದರು. ಕಿಟಕಿಯಾಚೆ ಬಿಸಿಲಿನಲ್ಲಿ ಒಣಹುಲ್ಲಿನ ಬಯಲು ಉದ್ದಕ್ಕೂ ಓಡುತ್ತಿತ್ತು. ಅವಳು ಕಣ್ಣು ಮುಚ್ಚಿದಾಗ ಗುಹೆಯ ಜನ ಬಯಲಿನಲ್ಲಿ ಬಸ್ಸಿನ ಜೊತೆಗೇ ನಡೆದುಬಂದರು. ಬುಟ್ಟಿ ಹೊತ್ತವರು, ಕೊಳಲಿನವರು, ಕಾಲಿಲ್ಲದವರೂ. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳೋಣವೆಂದರೆ ಅವರು ಅವಳನ್ನೇ ಅದನ್ನು ಕೇಳುವವರಂತೆ ತಿರುಗಿದರು. ತಂಗಿಯ ಮನೆಯಲ್ಲಿ, ಈ ಮದುವೆಗೆ ಮುಂಚೆ ಅವಳಿದ್ದ ಕೋಣೆ ಇದೆ, ಕಿಟಕಿಯ ಪಕ್ಕ ಮೆಷೀನು ಇದೆ. ಅಲ್ಲಿ ಯಾರನ್ನೂ ಕರೆಯಬೇಕಾಗಿಲ್ಲ. ನಿದ್ದೆಯಲ್ಲಿ ಅದು ಬಹಳ ಸುಖವೆನಿಸಿತು, ಬಹಳ ದೂರವೂ ಎನಿಸಿತು.

ಬಸ್ಸು ನಿಧಾನವಾಯಿತು. “ಕೂಡುರಸ್ತೆ ಬಂತು” ಎಂದ ಡ್ರೈವರ್. “ಇಳಿಯೋರು ಇದ್ದಾರೆ ಅಂದಿದ್ರಲ್ಲ ಸಾರ್?”

ಅವನು ಆಗಲೇ ಎದ್ದಿದ್ದ. ಮೇಲಿನಿಂದ ಅವಳ ಬ್ಯಾಗನ್ನು ಎರಡೂ ಕೈಯಲ್ಲಿ ಇಳಿಸಿ, ಅದಕ್ಕೆ ಅಂಟಿದ್ದ ಧೂಳನ್ನು ತೋಳಿನಿಂದ ಒರೆಸಿದ. ಮುಖ ಅವಳ ಕಡೆಗಿರಲಿಲ್ಲ. “ನೋಡಿ, ಬಂತು” ಎಂದ. ತಗ್ಗಿದ ದನಿ. ಡ್ರೈವರ್ ಬಾಗಿಲು ತೆರೆದ. ಬಿಸಿಗಾಳಿ ಒಳಗೆ ನುಗ್ಗಿತು. ರಸ್ತೆಯಾಚೆ ಒಂದು ಆಟೋ ಕಾಯುತ್ತಿತ್ತು.

ಅವಳು ಬ್ಯಾಗನ್ನು ನೋಡಿದಳು, ಅದನ್ನು ಎದೆಗವಚಿಕೊಂಡು ನಿಂತವನನ್ನು ನೋಡಿದಳು. ಒಂದು ಕಾಲಿನಲ್ಲಿ ಸಾಕ್ಸ್ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

“ಅದನ್ನ ಮೇಲಿಡೋ” ಎಂದಳು.

ಮುಂದಿನ ಸೀಟಿನಲ್ಲಿ ಬ್ಯಾಂಕಿನಮ್ಮ ಒಂದು ಕಣ್ಣು ತೆರೆದು, ಮತ್ತೆ ಮುಚ್ಚಿಕೊಂಡರು. ಅವನಿಗೆ ಕೇಳಿಸಿತೋ ಇಲ್ಲವೋ, ಒಂದು ಕ್ಷಣ ಹಾಗೆಯೇ ನಿಂತಿದ್ದ.

“ಸಾರ್?” ಎಂದ ಡ್ರೈವರ್.

“ಹೋಗ್ಲಿ” ಎಂದ ಅವನು. ಡ್ರೈವರ್ ಕಡೆ ತಿರುಗಿ, “ಹೋಗ್ಲಿ, ಹೋಗ್ಲಿ” ಎಂದ.

ಬ್ಯಾಗು ಮೇಲೆ ಹೋಯಿತು. ಬಸ್ಸು ಹೊರಟಿತು. ಅವನು ಮಾತ್ರ ಕೂರಲಿಲ್ಲ. ತಿರುವುಗಳಲ್ಲಿ ಅತ್ತಿತ್ತ ತೂಗುತ್ತ, ಬ್ಯಾಗಿನ ಮೇಲೆ ಎರಡೂ ಕೈಯಿಟ್ಟುಕೊಂಡು, ಬಹಳ ದೂರದವರೆಗೆ ಹಾಗೆಯೇ ನಿಂತಿದ್ದ.