ಆಟಿಯಲ್ಲಿ ಕಾಣದ ಬಟನ್

ತಪ್ಪು ನನ್ನದೇ. ಬೇರೆಯವರ ತಲೆಗೆ ಕಟ್ಟೋಣವೆಂದರೆ ಬಿ.ಸಿ.ರೋಡಿನ ಈ ಕೋಣೆಯಲ್ಲಿ ಕೋಡ್ ಬರೆಯುವವನು ನಾನೊಬ್ಬನೇ.

ಮೂಡಬಿದ್ರೆಯ ಸ್ವರ್ಣಲತಕ್ಕನ ಕೈಮಗ್ಗದ ಸೀರೆಗಳಿಗೆ ಆನ್‌ಲೈನ್ ಅಂಗಡಿ ಕಟ್ಟಿಕೊಟ್ಟಿದ್ದೆ. ಒಂದು ಸೀರೆಯ ಪುಟ ಮಾಡಿ, ಅದನ್ನೇ ಕಾಪಿ ಹೊಡೆದು ಅರವತ್ತಮೂರು ಮಾಡಿದೆ. ಆಮೇಲೆ ಅಕ್ಕ ಫೋನಿನಲ್ಲಿ ಹೇಳಿದ ಹಾಗೆಲ್ಲ ಒಂದೊಂದಕ್ಕೆ ಒಂದೊಂದು ತೇಪೆ. ಮಳೆಗಾಲದ ಆಟಿ ತಿಂಗಳಲ್ಲಿ ನಮ್ಮ ತುಳುನಾಡಿನಲ್ಲಿ ಮದುವೆಯಿಲ್ಲ, ಮದುವೆಯ ಸೀರೆಯನ್ನೂ ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಆಟಿ ಬಂದ ಕೂಡಲೇ ‘ಖರೀದಿಸಿ’ ಬಟನ್ ಮಾಯವಾಗುವಂತೆ ಪುಟಪುಟದಲ್ಲೂ ಬರೆದೆ. ಒಂದೇ ಕಡೆ ಬರೆದು ಎಲ್ಲ ಪುಟಗಳೂ ಅಲ್ಲಿಂದ ಓದುವಂತೆ ಮಾಡಬಹುದಿತ್ತು. ಸೋಮಾರಿತನ, ಮತ್ತೇನಲ್ಲ. ಹೊರಗಿನವರಿಗೆ ಆಟಿ ಇಲ್ಲವೆಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಈ ಆಟಿಯಲ್ಲಿ ಅಕ್ಕ ಫೋನ್ ಮಾಡಿದರು.

“ಲತೇಶ, ಪುಣೆಯ ಮದುವೆಮನೆಯವರಿಗೆ ನಲ್ವತ್ತು ಸೀರೆ ಬೇಕಂತೆ. ಸಂಜೆಯೊಳಗೆ ಬಟನ್ ಬರಬೇಕು ಮಾರಾಯ.”

“ಫೋನಿನಲ್ಲೇ ಮುಗಿಸುವ ಅಲ್ವಾ ಅಕ್ಕ?”

“ಅವರಿಗೆ ನಂಬಿಕೆ ಇಲ್ಲ. ಸೈಟಿನಲ್ಲೇ ಆಗಬೇಕಂತೆ. ಇದ್ದದ್ದೇ ಹೋಗದೆ ಹೊಸದು ಎಂತಕ್ಕೆ ನೇಯುವುದು ಅಂತ ಸೇಸಮ್ಮ ಕೇಳ್ತಿದ್ದಾರೆ. ನೇಯುವವರು ಅಂತ ನನಗೆ ಉಳಿದದ್ದು ಅವರೊಬ್ಬರೇ.”

“ಆಗ್ತದೆ ಅಕ್ಕ, ಮಾಡ್ತೇನೆ.”

ಆಗಲಿಲ್ಲ. ಆಟಿಯ ಸಾಲನ್ನು ಒಂದು ಪುಟದಲ್ಲಿ ಅಳಿಸಿದರೆ ಬಟನ್ ಬಂತು, ಇನ್ನೊಂದರಲ್ಲಿ ಅಳಿಸಿದರೆ ಬೆಲೆಯೇ ಹಾರಿಹೋಯಿತು. ನಾನು ಬರೆದದ್ದು ನನಗೇ ಅರ್ಥವಾಗಲಿಲ್ಲ. ಸಂಜೆ ಆರಕ್ಕೆ ಹನ್ನೊಂದು ಪುಟ ಸರಿಯಾಗಿದ್ದವು, ಅಷ್ಟೇ. ಪುಣೆಯವರು ಬೇರೆ ಕಡೆ ಹೋದರು. ಅಕ್ಕ ಬೈಯಲಿಲ್ಲ. ಎರಡು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ನಾಚಿಕೆಯಿಂದ ಹದಿನೈದು ದಿನ ಕೂತು ಇಡೀ ಕೋಡನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅರವತ್ತಮೂರು ಸೀರೆಗೂ ಒಂದೇ ಅಚ್ಚು, ಬದಲಾಗುವುದೆಲ್ಲ ಒಂದೇ ಕಡೆ. ನಾಳೆ ಯಾರು ತೆರೆದು ನೋಡಿದರೂ ತಿಳಿಯಬೇಕು, ಹಾಗೆ. ಮುಗಿದ ದಿನವೇ ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ಇನ್ನು ಎಂತ ಬದಲಾಯಿಸುವುದಾದ್ರೂ ಒಂದು ನಿಮಿಷ ಸಾಕು.”

“ಹೌದಾ?” ಅಂದರು. “ಸೇಸಮ್ಮ ಮೊನ್ನೆ ಮಗ್ಗ ಬಿಚ್ಚಿಸಿದ್ರು. ಇದ್ದ ಸೀರೆಗಳನ್ನು ಮಂಗಳೂರಿನ ಅಂಗಡಿಯವರಿಗೆ ಒಟ್ಟಿಗೆ ಕೊಟ್ಟಾಯ್ತು. ಅಂಗಡಿ ಮುಚ್ಚಿದೆ ಅಂತ ಹಾಕಿಬಿಡು.”

ಒಂದು ಸಾಲು ಬರೆದೆ. ಅರವತ್ತಮೂರು ಸೀರೆಗಳ ಮೇಲೂ ಒಟ್ಟಿಗೇ ಬಂತು. ನಿಮಿಷವೂ ಹಿಡಿಯಲಿಲ್ಲ.